ಕಾವು ಕೊಟ್ಟ ಸ್ವೆಟರ್

"ನಲವತ್ತೆರಡರ ಸೈಜ್ ತೋರಿಸ್ರಿ," ಎಂದಳು ರಾಜಶ್ರೀ.

"ಯಾರಿಗ್ರಿ ಮೇಡಂ?"

"ನನಗ."

ಅಂಗಡಿಯ ಕಾಂತು ಕಪಾಟಿನತ್ತ ತಿರುಗಲಿಲ್ಲ. ಅವಳು ತೊಟ್ಟಿದ್ದ ಸ್ವೆಟರನ್ನೇ ನೋಡಿದ. ಅದು ಅವಳ ಗಂಡ ಅನಿಲನದು. ಅನಿಲ ತೀರಿಹೋಗಿ ಮೂರು ವರ್ಷವಾಗಿತ್ತು. ಪ್ರತಿ ಡಿಸೆಂಬರಿನಲ್ಲಿ ಅವಳು ಕಾಲೇಜಿನ ಪಾಠ ಮುಗಿಸಿ, ಸಿಂದಗಿಯ ಈ ಉಣ್ಣೆ ಅಂಗಡಿಗೆ ಬಂದು, ಅದರ ಹರಿದ ಮೊಣಕೈ ರಫು ಮಾಡಿಸಿಕೊಂಡು ಹೋಗುತ್ತಿದ್ದಳು. ಮೊನ್ನೆ ಕಾಂತು ಕೈಚೆಲ್ಲಿ, ಇವತ್ತು ಹೊಸದಕ್ಕೆ ಬರಲು ಹೇಳಿದ್ದ. ಸೂಜಿ ಹಿಡಿಯುವಷ್ಟು ನೂಲೂ ಅದರಲ್ಲಿ ಉಳಿದಿರಲಿಲ್ಲ.

"ನಲವತ್ತೆರಡು ನಿಮಗ ಗುಡಾರ ಆಗ್ತೈತ್ರಿ."

"ಗುಡಾರದಾಗ ಇದ್ದು ರೂಢಿ ಆಗೇತ್ರಿ."

ನಗಬೇಕೋ ಬೇಡವೋ ತಿಳಿಯದೆ ಅವನು ಕಿವಿ ಕೆರೆದುಕೊಂಡ. ಆಮೇಲೆ ತಾನು ಹೊದ್ದಿದ್ದ ಕರಿಕಂಬಳಿಯೊಳಗೆ ಕೈ ಹಾಕಿ, ಬೂದು ಬಣ್ಣದ ಸ್ವೆಟರೊಂದನ್ನು ತೆಗೆದು ಕೌಂಟರ್ ಮೇಲಿಟ್ಟ.

"ಕ್ಯಾಶ್ಮೀರ್. ಮೂವತ್ತಾರು. ಚಳಿಗಾಲಕ್ಕ ಬರೋ ಕಾಶ್ಮೀರದ ವ್ಯಾಪಾರಿಗೆ ಹೇಳಿ ತರಿಸೇನಿ."

ಮೂಲೆಯಲ್ಲಿ ನೂಲುತ್ತಿದ್ದ ಅವನ ತಾಯಿ ರೇವವ್ವ ಎದ್ದು ಬಂದಳು. ದೇವಣಗಾಂವದಲ್ಲಿ ಕುರಿ ಕಾಯ್ದು ಬೆಳೆದವಳು. ಉಣ್ಣೆಯನ್ನು ಅಂಗೈಯಲ್ಲೇ ತೂಗುವವಳು.

"ಇದ್ರಾಗ ಏನೂ ಇಲ್ಲಲ್ಲೋ ಕಾಂತ್ಯಾ. ಹಕ್ಕಿ ಪುಚ್ಚ ಇದ್ದಂಗೈತಿ. ತೂಕ ಇಲ್ಲಂದ್ರ ಥಂಡಿ ಹೆಂಗ ತಡೀತೈತಿ?"

"ಯವ್ವಾ, ಇದು ಕುರಿದಲ್ಲ, ಆಡಿನ ಒಳಗೂದಲ. ಹಗುರ ಇದ್ರೂ ಬೆಚ್ಚಗಿರ್ತೈತಿ." ಅವನು ರಾಜಶ್ರೀಯತ್ತ ತಿರುಗಿದ. "ದಪ್ಪಂದು ತಗೊಂಡ್ರ ಸೀರಿ ಮ್ಯಾಲ ಉಬ್ಬತೈತ್ರಿ. ಭಾಳ ತೆಳುವಂದು ಒಂದ ವರ್ಷಕ್ಕ ಜಾಳಾಗತೈತಿ. ಇದು ಎರಡೆಳಿದು, ನಡುವಿಂದು. ಮೈಗೆ ಮಾತ್ರ ಸರಿ ಕೂಡಬೇಕ್ರಿ. ಸಡಲ ಇದ್ರ ಗಾಳಿ ಒಳಗ ಹೊಗತೈತಿ."

"ನನ್ನ ಅಳತಿ ನಿಮಗ ಹೆಂಗ ಗೊತ್ತಾತು?"

ಅವನು ಕಣ್ಣು ತಗ್ಗಿಸಿದ. "ರಫು ಮಾಡುವಾಗ, ತೋಳಿನ ಮ್ಯಾಲ ನೀವು ಮಡಚಿದ ಗೆರಿ ಇರ್ತಿತ್ರಿ. ಅಲ್ಲೀತನಕ ಗೇಣು ಹಾಕಿದ್ನಿ."

ಅವಳು ಹಳೆಯದನ್ನು ಕಳಚಿ, ಹೊಸದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಹೊಲಿಗೆ ಭುಜದ ಎಲುಬಿನ ಮೇಲೆಯೇ ಕೂತಿತ್ತು. ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ಹೊಸ ಬಟ್ಟೆಯ ತಣ್ಣನೆ ಸ್ಪರ್ಶಕ್ಕೆ ಅವಳು ಮೈ ಬಿಗಿಹಿಡಿದಿದ್ದಳು. ಆ ತಣುಪು ತಾಕಲೇ ಇಲ್ಲ.

"ಇದು ಆಗಲೇ ಬೆಚ್ಚಗೈತಲ್ರಿ."

ಕಾಂತು ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಉತ್ತರ ಕೊಟ್ಟವಳು ರೇವವ್ವ.

"ಮುಂಜಾನಿಂದ ಏನೋ ಎದಿಗೆ ಹಿಡ್ಕೊಂಡು ಕುಂತಿದ್ದ. ಕೇಳಿದ್ರ ಹೇಳಲಿಲ್ಲ. ಹೊರಗಿನವರಿಗೆ ನಾವು ಹೊಸ ಕಂಬಳಿ ಹಂಗ ಥಣ್ಣಗ ಕೊಡ್ತೇವಿ, ತಂಗಿ. ಮನಿ ಮಂದಿಗಷ್ಟ ಮೈಕಾವು ಕೊಟ್ಟು ಕೊಡೂದು."

"ಯವ್ವಾ," ಎಂದ ಕಾಂತು, ಮೆಲ್ಲಗೆ.

"ನಾ ಏನ್ ಸುಳ್ಳ ಹೇಳಿದ್ನಿ?" ಅವಳು ಮತ್ತೆ ನೂಲಲು ಕೂತಳು.

ರಾಜಶ್ರೀ ಅನಿಲನ ಸ್ವೆಟರನ್ನು ನಿಧಾನವಾಗಿ ಮಡಚಿದಳು. "ಇದನ್ನ ಏನ್ ಮಾಡ್ಲಿ?"

"ಜ್ವಾಪಾನ ಇಡ್ರಿ. ಬೇವಿನೆಲಿ ಹಾಕಿಟ್ರ ಹುಳಾ ಹತ್ತೂದಿಲ್ಲ." ಕೌಂಟರಿಗೆ ಕೈಯೂರಿ ಹೇಳಿದ, "ಅದನ್ನ ಬಿಡ್ರಿ ಅಂತ ನಾ ಅನ್ನಾಕತ್ತಿಲ್ರಿ. ನಿಮಗ ಥಂಡಿ ಆಗಬಾರದು, ಅಷ್ಟ."

ಅವಳ ಬೆರಳುಗಳು ರೂಢಿಯಂತೆ ತೋಳು ಮಡಚಲು ಹೋದವು. ಮಡಚಲು ಏನೂ ಇರಲಿಲ್ಲ. ಆ ಕೈಯನ್ನು ಕೌಂಟರಿನ ಮೇಲೆ, ಅವನ ಕೈಯ ಪಕ್ಕ ಇಟ್ಟಳು.

"ನಾಳೆ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಬರ್ರಿ. ಚಹಾ ಕುಡಿಯೋಣು."

"ಬರ್ತೇನ್ರಿ."

"ಕಂಬಳಿ ಬಿಟ್ಟು ಬರಬ್ಯಾಡ್ರಿ. ಅಲ್ಲಿ ಗಾಳಿ ಭಾಳ."