ಹಳೇ ಜೈಲಿನ ಕಂಬಳಿ

ಕಲ್ಯಾಣದುರ್ಗದ ಹಳೇ ಸಬ್‌ಜೈಲು ಮ್ಯೂಸಿಯಂ ಆದ ಮೇಲೆ ಅಲ್ಲಿ ನಡೆದ ಮೊದಲ ಕಳ್ಳತನವಿದು. ಮೂರನೇ ಸೆಲ್ಲಿನ ಕೈದಿ ಬೊಂಬೆಯ ಕೆಳಗೆ ಹಾಸಿದ್ದ ಕಂಬಳಿ ಮಾಯವಾಗಿತ್ತು. ಬ್ರಿಟಿಷರ ಕಾಲದಲ್ಲಿ ಅದೇ ಸೆಲ್ಲಿನ ಕೈದಿಯೊಬ್ಬ ನೇಯ್ದ ಕಂಬಳಿ ಅದು.

ಹಿಂದೂಪುರದಿಂದ ನಿವೃತ್ತ ಸಬ್‌ಇನ್ಸ್‌ಪೆಕ್ಟರ್ ಸರ್ವಮಂಗಳಮ್ಮ ಸಹಾಯಕಿ ತ್ರಿವೇಣಿಯೊಡನೆ ಬಂದಿಳಿದಾಗ ಕಾವಲುಗಾರ ಬೈಲಪ್ಪ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಸಂಜೆಯೊಳಗೆ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ಮ್ಯಾನೇಜರ್ ಲಕ್ಷ್ಮೀಕಾಂತ್ ತೀರ್ಮಾನಿಸಿಬಿಟ್ಟಿದ್ದರು. ಸರ್ವಮಂಗಳಮ್ಮನ ಜೊತೆ ವರ್ಷಗಟ್ಟಲೆ ಓಡಾಡಿದ್ದ ತ್ರಿವೇಣಿಗೆ ಮಾತ್ರ ನಿಶ್ಚಿಂತೆ. ಅಮ್ಮ ಬಂದಾಯಿತು, ಇನ್ನು ತಪ್ಪಿಲ್ಲದವನ ಕೂದಲೂ ಕೊಂಕುವುದಿಲ್ಲ.

"ನಿನ್ನೆ ಯಾರ್ಯಾರು ಬಂದಿದ್ರಪ್ಪ?" ಎಂದು ಸರ್ವಮಂಗಳಮ್ಮ ಬೈಲಪ್ಪನನ್ನು ಕೇಳಿದರು.

"ಗೋಡೆ ಸುಣ್ಣ ಹೆರೆಯೋಕೆ ಸುರೇಂದ್ರ ಬಂದಿದ್ದ. ಅದಕ್ಕೇ ಸೆಲ್ಲು ತೆಗೆದಿತ್ತು. ಅವ್ನು ಹೋದ್ಮೇಲೆ ಕುಂದುರ್ಪಿ ಊರಿನ ಕುರಿ ಕಾಯೋ ಈರಲಿಂಗಪ್ಪ ತಾತ ಬಂದ, ಬಿಸಿಲಿಗೆ ತಲೆ ಮೇಲೆ ಟವಲ್ ಹಾಕ್ಕೊಂಡು. ಅವ್ರಜ್ಜನ ಫೋಟೋ ಗೋಡೆ ಮೇಲೈತಲ್ಲ, ನೋಡೋಕೆ. ಹೋಗೋರ ಚೀಲ ಎಲ್ಲಾ ಬಿಚ್ಚಿಸಿ ನೋಡಿವ್ನಿ ಕಣಮ್ಮ."

ಸೆಲ್ಲಿನ ನೆಲದ ಮೇಲೆ ಸುಣ್ಣದ ಪುಡಿ, ಅದರಲ್ಲಿ ಸುರೇಂದ್ರನ ಬೂಟಿನ ಗುರುತು. ಅದರ ಮೇಲೆ ಬರಿಗಾಲಿನ ಗುರುತು. ಹೊಸ್ತಿಲಾಚೆ ಚಪ್ಪಲಿಯದು.

"ಸದ್ದಾಗಬಾರದೆಂದು ಕಳ್ಳ ಚಪ್ಪಲಿ ಬಿಟ್ಟಿದ್ದಾನೆ" ಎಂದರು ಲಕ್ಷ್ಮೀಕಾಂತ್.

ಸರ್ವಮಂಗಳಮ್ಮ ಈರಲಿಂಗಪ್ಪನಿಗೆ ಹೇಳಿಕಳಿಸಿದರು.

ಮಧ್ಯಾಹ್ನ ಎಲ್ಲರೂ ಜೈಲಿನ ಅಂಗಳದಲ್ಲಿ ಸೇರಿದರು.

"ಸದ್ದಿಗೆ ಹೆದರೋನು ಗೇಟಲ್ಲೇ ಚಪ್ಪಲಿ ಬಿಡ್ತಿದ್ದ" ಎಂದು ಸರ್ವಮಂಗಳಮ್ಮ ಶುರುಮಾಡಿದರು. "ಇವ್ನು ಸೆಲ್ಲಿನ ಹೊಸ್ತಿಲಲ್ಲಿ, ಕಂಬಳಿ ಮುಂದೆ ಬಿಟ್ಟವ್ನೆ. ಕುರಿ ಕಾಯೋ ಮನೆತನದೋರು ಕಂಬಳೀನ ದೇವ್ರ ಗದ್ದುಗೆ ಅಂತಾರೆ, ಚಪ್ಪಲಿ ಮೆಟ್ಟಿಕೊಂಡು ಮುಟ್ಟಲ್ಲ. ಬೈಲಪ್ಪ, ಸುರೇಂದ್ರ, ಮ್ಯಾನೇಜರು, ಮೂರೂ ಜನ ಬೂಟಿನೋರು. ಬೈಲಪ್ಪ, ತಾತ ಹೋಗುವಾಗ ಹೆಗಲ ಮೇಲೆ ಏನಿತ್ತು?"

"ಇನ್ನೇನು, ಕಂಬ್ಳಿ" ಎಂದವನು ಬಾಯಿ ಬಿಟ್ಟುಕೊಂಡು ನಿಂತ.

"ಬರುವಾಗ ಬರೀ ಟವಲ್ಲು. ಈ ಸೀಮೇಲಿ ಮುದುಕರ ಹೆಗಲ ಮೇಲೆ ಕಂಬಳಿ ಇದ್ರೆ ಯಾರಪ್ಪ ನೋಡ್ತಾರೆ?"

ತ್ರಿವೇಣಿಗೆ ಹೆಮ್ಮೆಯಿಂದ ಎದೆಯುಬ್ಬಿತು. ಎಲ್ಲರೂ ಕಂಡದ್ದನ್ನು ಅಮ್ಮನೊಬ್ಬರೇ ನೋಡಿದ್ದರು.

ಈರಲಿಂಗಪ್ಪ ಸುಳ್ಳಾಡಲಿಲ್ಲ. ಮಡಿಸಿ ತಂದಿದ್ದ ಕಂಬಳಿಯನ್ನು ಟವಲ್ಲಿನಿಂದ ಹೊರತೆಗೆದ. "ನಮ್ಮಜ್ಜ ನೇಯ್ದಿದ್ದು ಕಣಮ್ಮ. ಮೊಮ್ಮಗಳ ಮದ್ವೆಗೆ ಹಿರೀಕರ ಕಂಬ್ಳಿ ಹಾಸ್ಬೇಕು. ಕೇಳ್ದೆ, ಆಗಲ್ಲ ಅಂದ್ರು. ಮುಗಿಸ್ಕೊಂಡು ತಂದಿಡಾನ ಅಂತಿದ್ದೆ. ಇವ್ನ ತಲೆಗೆ ಬತ್ತದೆ ಅಂತ ಹೊಳೀಲಿಲ್ಲ." ಬೈಲಪ್ಪನತ್ತ ತಿರುಗಿ ಕೈಮುಗಿದ.

ಲಕ್ಷ್ಮೀಕಾಂತ್ ಸ್ಟೇಷನ್ನಿಗೆ ಫೋನ್ ಮಾಡಲು ಹೊರಟರು. ಬೈಲಪ್ಪ ಅಡ್ಡ ನಿಂತ.

"ಸಾರ್, ಇಲ್ಲಿನ ಸಾಮಾನು ಕಾಯೋದು ನನ್ ಡ್ಯೂಟಿ. ಕಂಬ್ಳಿ ಜೊತೆ ಮದ್ವೆಗೆ ನಾನೂ ಹೋಯ್ತೀನಿ. ವಾಪಸ್ ನಾನೇ ತತ್ತೀನಿ."

ಲಕ್ಷ್ಮೀಕಾಂತ್ ಅವನ ಮುಖ ನೋಡಿ ಫೋನನ್ನು ಜೇಬಿಗಿಟ್ಟರು. ಈರಲಿಂಗಪ್ಪ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಬೈಲಪ್ಪನ ಹೆಗಲಿಗೆ ಹಾಕಿದ.