ಇಳಿಜಾರಿಗೆ ಹಾಕಿದ ಕಾಂಕ್ರೀಟು

“ಈ ಕಾಂಕ್ರೀಟು ಒಡೆದು ಹಾಕಿ!”

ರೆಸಾರ್ಟಿನ ಮ್ಯಾನೇಜರಮ್ಮನ ದನಿಗೆ ಸುತ್ತಲಿದ್ದ ಆಳುಗಳೆಲ್ಲ ಬೆಚ್ಚಿ ತಿರುಗಿದರು. ಒಬ್ಬ ಸುತ್ತಿಗೆಗೆ ಕೈ ಹಾಕಿದ.

“ನೀನಲ್ಲ... ಇಂಜಿನಿಯರ್ ಸಾಹೇಬ್ರು ಒಡೀಲಿ. ತಮ್ಮ ಕೈಯಾರೆ!”

ಇಂಜಿನಿಯರ್ ತಲೆಯೆತ್ತಿ ಅವಳನ್ನೇ ನೋಡಿದ.

‘ನೋಡು, ಚೆನ್ನಾಗಿ ನೋಡು... ಅವತ್ತು ನಾನು ಅನುಭವಿಸಿದ ಅವಮಾನ ಹೇಗಿರುತ್ತೆ ಅಂತ ನಿನಗೂ ಗೊತ್ತಾಗಲಿ!’ ಎಂದುಕೊಂಡಳು ಅವಳು.

ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ ಅವಳನ್ನು ಮದುವೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕಾಯಿಸಿ ಕೈಕೊಟ್ಟಿದ್ದ. “ಇನ್ನೂ ಬಂದಿಲ್ವಾಮ್ಮ ಹುಡುಗ?” ಎಂದು ಜವಾನ ಬಾಗಿಲು ಹಾಕುತ್ತ ಕೇಳಿದ್ದು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಈಗ ರೆಸಾರ್ಟಿನ ಐಷಾರಾಮಿ ಟೆಂಟುಗಳಿಗೆ ತಳಪಾಯ ಹಾಕಿಸಲು ಗುತ್ತಿಗೆ ಹಿಡಿದ ಕಂಪನಿ ಅವನನ್ನೇ ಕಳಿಸಿತ್ತು!

ಬಂದ ದಿನವೇ ಅವನು ಹೇಳಿದ್ದ. “ಇಲ್ಲಿ ಇಳಿಜಾರಿದೆ, ಮೇಲಿಂದ ನೀರು ಬರುತ್ತೆ. ಉಕ್ಕಿನ ಕಂಬಗಳನ್ನ ತಿರುಪಿನ ಹಾಗೆ ನೆಲಕ್ಕಿಳಿಸಿ, ಮೇಲೆ ಮರದ ಹಲಗೆ ಹಾಸೋಣ. ನೀರು ಅದರ ಪಾಡಿಗೆ ಅಡಿಯಿಂದ ಹೋಗುತ್ತೆ. ಮರದ ಬೇರಿಗೂ ಏಟಿಲ್ಲ.”

ಅದೇ ಸರಿ ಎಂದು ಅವಳಿಗೂ ಗೊತ್ತಿತ್ತು. ಆದರೆ ಅವನು ಎತ್ತು ಅಂದರೆ ಕೋಣ ಅನ್ನಬೇಕೆಂಬ ಹಟ...

“ಕೊಟ್ಟ ಮಾತಿಗೆ ನಿಲ್ಲದವರು ಟೆಂಟು ನಿಲ್ಲಿಸೋದು ಹೇಳಿಕೊಡಬೇಡಿ. ಕಾಂಕ್ರೀಟ್ ಹಾಕಿ!”

ಹಾಕಿದ. ಮೊದಲ ಮಳೆಗೇ ನೀರು ಕಾಂಕ್ರೀಟಿಗೆ ತಡೆದು ನಿಂತು, ಟೆಂಟಿನೊಳಗೆ ನುಗ್ಗಿ, ದುಬಾರಿ ಹಾಸಿಗೆಗಳೆಲ್ಲ ತೊಯ್ದು ತೊಪ್ಪೆಯಾದವು. ತಪ್ಪು ಇಂಜಿನಿಯರನದೇ ಎಂದು ಅವಳು ಮಾಲೀಕರಿಗೆ ಹೇಳಿಬಿಟ್ಟಳು. ಅವನು ಅದಕ್ಕೂ ತುಟಿ ಬಿಚ್ಚಲಿಲ್ಲ.

ಈಗ ಮಾತ್ರ ಮೆಲ್ಲಗೆ ಹೇಳಿದ, “ಚೂರು ಸಿಡಿಯುತ್ತೆ, ಕಣ್ಣಿಗೆ ಹಾಕೋ ಕನ್ನಡಕ ತರೋಕೆ ಆಳು ಹೋಗಿದಾನೆ. ಬಂದುಬಿಡಲಿ.”

“ನೆಪ ಹೇಳೋದು ನಿಮಗೆ ಹೊಸದಾ? ಈಗಲೇ ಒಡೀರಿ!”

ಅವನು ಸುತ್ತಿಗೆ ಎತ್ತಿದ. ಮೂರ್ನಾಲ್ಕು ಏಟು ಬಿದ್ದಿರಬೇಕು... ಚೂರೊಂದು ಚಟ್ಟನೆ ಸಿಡಿಯಿತು. ಅವನು ಮುಖ ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ!

ಎಡಗಣ್ಣಿನ ದೃಷ್ಟಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದಾಗ, ಅವಳು ಆಸ್ಪತ್ರೆಯ ಗೋಡೆಗೆ ಒರಗಿ ಮರಗಟ್ಟಿ ನಿಂತಿದ್ದಳು.

ಸುದ್ದಿ ಕೇಳಿ ಮಗಳ ಹತ್ತಿರ ಓಡಿಬಂದ ಅವಳ ಅಮ್ಮ, ಹಾಸಿಗೆಯಲ್ಲಿದ್ದವನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ನೀನಾ? ಅವಳ ದಾರಿಗೆ ಅಡ್ಡ ಬರಲ್ಲ ಅಂತ ನಂಗೆ ಮಾತು ಕೊಟ್ಟಿದ್ದೆಯಲ್ಲೋ!”

“ಯಾವ ಮಾತಮ್ಮಾ?”

ಅಮ್ಮ ಸೆರಗು ಬಾಯಿಗೊತ್ತಿಕೊಂಡರು. “ಈ ಮದುವೆ ಆದ್ರೆ ವಿಷ ಕುಡೀತೀನಿ ಅಂತ ಅವತ್ತು ಇವನಿಗೆ ಅಂದಿದ್ದೆ... ನಿನ್ನ ಒಳ್ಳೇದಕ್ಕೇ ಕಣೇ!”

“ಹೊರಗೆ ಹೋಗಮ್ಮ.”

ಮಗಳ ಆ ತಣ್ಣನೆಯ ದನಿಗೆ ಅಮ್ಮ ಹೊರನಡೆದರು. ಅವಳು ಅವನತ್ತ ತಿರುಗಿದಳು.

“ನೀನಾದರೂ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಅವರನ್ನ ಬಿಟ್ಟು ಬಂದುಬಿಡ್ತಿದ್ದೆ. ಅವರು ಏನಾದ್ರೂ ಮಾಡ್ಕೊಂಡಿದ್ರೆ... ಆಮೇಲೆ ನನ್ನ ಮುಖ ನೋಡ್ತಿದ್ಯಾ?”

“ಅಂದ್ರೆ ನನ್ನ ಬದುಕನ್ನ ನೀವಿಬ್ಬರೇ ಕೂತು ತೀರ್ಮಾನ ಮಾಡಿದ್ರಿ! ನನ್ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸಲೇ ಇಲ್ವಾ?”

“ತಪ್ಪಾಯ್ತು,” ಎಂದ.

ಆ ಒಂದು ಮಾತಿಗೆ ಅವಳ ನಾಲ್ಕು ವರ್ಷದ ಸಿಟ್ಟು ಕಣ್ಣೀರಾಗಿ ಇಳಿಯಿತು.

“ಕಾಂಕ್ರೀಟ್ ಹಟ ನಂದೇ ಅಂತ ಮಾಲೀಕರಿಗೆ ಹೇಳ್ದೆ. ನನ್ನ ಕೆಲಸ ಹೋಯ್ತು. ನೀನು ಹೇಳಿದ ಕಂಬಗಳನ್ನೇ ಹಾಕಿಸ್ತಾರಂತೆ.” ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. “ನಿನಗೆ ಶಾಪ ಹಾಕ್ತಾ ಹಾಕ್ತಾನೇ ನಿನ್ನ ದಾರಿ ಕಾಯ್ತಿದ್ದೆ ಕಣೋ... ನನ್ನ ಕ್ಷಮಿಸ್ತೀಯಾ?”

ಅವನು ಕಣ್ಣಿನ ಪಟ್ಟಿಯನ್ನು ಮುಟ್ಟಿಕೊಂಡ.

“ಇವತ್ತು ಆಗಲ್ಲ.”

ಅವಳು ಕಣ್ಣೊರೆಸಿಕೊಂಡು ಎದ್ದಳು. “ನಾನೂ ನಿನ್ನನ್ನ ಪೂರ್ತಿ ಕ್ಷಮಿಸಿಲ್ಲ. ನಾಳೆ ಬಂದು ಮತ್ತೆ ಕೇಳ್ತೀನಿ.”

“ನಾಳೆ ಕೇಳುವಿಯಂತೆ...” ಅವನ ಕೈ ತಡವರಿಸಿ ಅವಳ ಬೆರಳು ಹಿಡಿಯಿತು. “ಈಗ ಎಲ್ಲಿಗೆ ಹೊರಟೆ? ಕೂತ್ಕೋ.”