ಶಂಕ್ರೆವ್ವಜ್ಜಿಯ ದಡಿ

"ಇದು ನಮ್ಮಜ್ಜಿ ದಡಿ ಅಲ್ಲ!"

ಮಗ್ಗದಿಂದ ಇಳಿದ ಸೀರೆಯ ದಡಿಯನ್ನು, ಅದರ ಅಂಚನ್ನು, ಪ್ರತಿಮಾ ಬೆಳಕಿಗೆ ಹಿಡಿದಳು. ಕುಂಕುಮಗೆಂಪು ಇರಬೇಕಾದಲ್ಲೆಲ್ಲ ಗಿಳಿಹಸಿರು!

ಸಿದ್ದಾರೂಢ ಮಗ್ಗ ನಿಲ್ಲಿಸಿ ಓಡಿ ಬಂದ. ಬನಹಟ್ಟಿಯ ಈ ನೇಯ್ಗೆಮನೆ ಅವನದೇ.

"ಮುಧೋಳದ ಬಸಗೊಂಡಪ್ಪ ಸಾವಕಾರ್ರು ಇದ ದಡಿ ಹಸರಾಗ ಕೇಳಿದ್ರು ಅಂತ ನಮ್ಮಜ್ಜಿ ದಡೀನ ಅಳಿಸಿಬಿಟ್ರಿ?"

"ಇಲ್ರೀ! ಅವ್ರದು ಬ್ಯಾರೆನ ಮಾಡೇನಿ. ನಿಮ್ಮದು ಮುಟ್ಟಿಲ್ಲ."

"ಮತ್ತ ನಂದ್ಯಾಕ ಹಸರಾತು?"

ಅವನು ಸೀರೆಯ ಅಂಚು ಮಗುಚಿ ನೋಡತೊಡಗಿದ.

ಹೋದ ವರ್ಷ ಇವನನ್ನು ಮೊದಲು ಕಂಡದ್ದು ಶಂಕ್ರೆವ್ವಜ್ಜಿಯ ಮಂಚದ ಪಕ್ಕದಲ್ಲಿ. ಅಜ್ಜಿಯ ಮದುವೆ ಸೀರೆ ಎಂದೋ ಹರಿದುಹೋಗಿತ್ತು. ಅದರ ದಡಿಯನ್ನು ಅಜ್ಜಿ ನೆನಪಿನಿಂದಲೇ ಎಳೆ ಎಣಿಸಿ ಹೇಳಿದ್ದಳು. ಪ್ರತಿಮಾ ಅದನ್ನು ಕಂಪ್ಯೂಟರಿಗೆ ಇಳಿಸಿ, ಅವನ ಮಗ್ಗಕ್ಕೆ ವಿನ್ಯಾಸ ಕೊಡುವ ಪ್ರೋಗ್ರಾಮನ್ನೂ ತಾನೇ ಬರೆದುಕೊಟ್ಟಿದ್ದಳು. ಈಗ ಅಜ್ಜಿ ಇಲ್ಲ. ಇನ್ನು ಮೂರು ದಿನಕ್ಕೆ ಮೊದಲ ಪುಣ್ಯತಿಥಿ. ಅವ್ವ ತಾಯವ್ವ ಉಡಬೇಕಾದ ಸೀರೆ ಇದು. ಮೂಲ ಫೈಲೂ ಹಸಿರಾಗಿದೆ!

'ನನ್ನವನು ಅಂದುಕೊಂಡಿದ್ದೆನಲ್ಲ... ಎಂಥ ಹುಚ್ಚಿ ನಾನು!'

"ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ," ಎಂದವಳು ತಿರುಗಿ ನೋಡದೆ ನಡೆದಳು.

ಮರುದಿನ ಬೆಳಿಗ್ಗೆ ಜಮಖಂಡಿಯ ಕಾಲೇಜಿನಲ್ಲಿ ಅವಳ ಕಂಪ್ಯೂಟರ್ ಕ್ಲಾಸು. ಕಾವ್ಯ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

"ಮೇಡಂ, ಪ್ರೋಗ್ರಾಮಿನ್ಯಾಗ ಎರಡು ಆಬ್ಜೆಕ್ಟ್ ಮಾಡೇನ್ರಿ, ಹೆಸರು ಇಡೂ ಎರಡು ಡಬ್ಬಿ ಇದ್ದಂಗ. ಒಂದರಾಗ ತಗದ ಹೆಸರು ಇನ್ನೊಂದರಾಗಿಂದನೂ ಹೋಗಾಕತ್ತೈತ್ರಿ! ದೆವ್ವ ಹೊಕ್ಕೈತೇನ್ರಿ?"

ತರಗತಿ ನಕ್ಕಿತು. ಪ್ರತಿಮಾ ಪ್ರತಿವರ್ಷ ಹೇಳುವುದನ್ನೇ ಹೇಳಿದಳು.

"ಆಬ್ಜೆಕ್ಟ್ ಎರಡು, ಖರೆ. ಆದ್ರ ಎರಡಕ್ಕೂ ಒಂದ ಲಿಸ್ಟ್ ಕೊಟ್ಟಿ. ಮನ್ಯಾಗ ನನ್ನ ಪರತಿಮಿ ಅಂತಾರ, ಇಲ್ಲಿ ಪ್ರತಿಮಾ ಮೇಡಂ. ಪರತಿಮಿಗೆ ನೆಗಡಿ ಬಂದ್ರ ಮೇಡಂ ಸೀನೂದಿಲ್ಲೇನು? ನಕಲು ಮಾಡಿ ಕೊಡಬೇಕಿತ್ತು, ನೀ ಬರೇ..."

ಅವಳಿಗೆ ಗಿಳಿಹಸಿರು ದಡಿ ನೆನಪಾಯಿತು.

ಲ್ಯಾಪ್‌ಟಾಪ್ ತೆರೆದಳು. ಅಜ್ಜಿಯ ವಿನ್ಯಾಸಕ್ಕೊಂದು ಆಬ್ಜೆಕ್ಟ್, ಸಾವಕಾರರ ವಿನ್ಯಾಸಕ್ಕೊಂದು. ಎರಡರೊಳಗೂ ಅದೇ ಎಳೆಗಳ ಲಿಸ್ಟು! ಸಿದ್ದಾರೂಢ ಸಾವಕಾರರದೆಂದು ನಂಬಿ ಬಣ್ಣ ಬದಲಿಸಿದ್ದ. ಬದಲಾದದ್ದು ಎರಡೂ. ಎರಡಕ್ಕೂ ಒಂದೇ ಲಿಸ್ಟು ಕೊಟ್ಟ ಸಾಲು ಬರೆದವಳು... ಅವಳೇ.

ಮೋಸ ಮಾಡಿದ್ದು ಅವನಲ್ಲ!

ಮಧ್ಯಾಹ್ನದ ಬಸ್ಸಿಳಿದು ಬಂದವಳನ್ನು ನೋಡಿ ಸಿದ್ದಾರೂಢ ಎದ್ದು ನಿಂತ.

"ತಪ್ಪು ನಂದು. ನಿಮಗ ಬ್ಯಾರೆ ಲಿಸ್ಟ್ ಕೊಟ್ಟೇನಿ ಅಂತ ತಿಳಕೊಂಡಿದ್ದೆ. ಕೊಟ್ಟಿದ್ದು ನಂದ. ಕ್ಷಮಾ ಕೇಳಾಕ ಬಂದೇನಿ. ಆದ್ರ ಅಜ್ಜಿ ದಡ್ಯಾಗ ಮೊದಲ ಹಸರೂ ಇತ್ತು, ಈಗ ಯಾವ ಎಳಿ ಕೆಂಪಿತ್ತಂತ ಗೊತ್ತಾಗೂದಿಲ್ಲ. ದಡಿ ಹೋತು..."

"ಇಷ್ಟ ಬೈದವ್ರು ಇನ್ನೊಂದು ನಿಮಿಷ ನಿಂತಿದ್ರ ಹೇಳತಿದ್ದೆ," ಎಂದ. ಸ್ವರದಲ್ಲಿ ಇನ್ನೂ ನೋವಿತ್ತು. ಕಪಾಟಿನಿಂದ ಗೆರೆ ಹಾಕಿದ ಹಳೆಯ ನೋಟುಪುಸ್ತಕ ತೆಗೆದ. "ನೇಕಾರ ಎಣಿಕೆ ಕೇಳಿದ್ರ ಕೈ ಸುಮ್ನಿರೂದಿಲ್ರಿ. ಅವತ್ತ ಅಜ್ಜಿ ಹೇಳಿದ್ದನ್ನ ನಾನೂ ಬರಕೊಂಡಿದ್ದೆ."

ಮೂರು ಕೆಂಪು, ಒಂದು ಹಳದಿ, ಮತ್ತೆ ಮೂರು ಕೆಂಪು... ಒಂದೊಂದೇ ಎಳೆ, ಪೆನ್ಸಿಲಿನಲ್ಲಿ. ನಿಜವಾದ ನಕಲು!

ಹದಿನೇಳನೆಯ ಸಾಲಿಗೆ ಅವಳ ಬೆರಳು ನಿಂತಿತು. ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: 'ಇಲ್ಲಿ ಪ್ರತಿಮಾ ನಕ್ಕರು.'

ಇಪ್ಪತ್ತೊಂದರಲ್ಲಿ: 'ಮತ್ತೆ ನಕ್ಕರು. ಎಣಿಕೆ ತಪ್ಪಿತು, ಅಜ್ಜಿಯನ್ನು ಮತ್ತೆ ಕೇಳಿದೆ.'

ಕಣ್ಣು ತುಂಬಿ ಅಕ್ಷರಗಳು ಕಾಣದಾದವು.

"ಒಂದು ವರ್ಷ ಯಾಕ ಹೇಳಲಿಲ್ರಿ?"

"ಇವತ್ತ ಹೇಳಿದೆನಲ್ರೀ..." ಅವನು ತಲೆ ತಗ್ಗಿಸಿದ. "ಕೂಡ್ರಿ. ನಾ ಓದತೇನಿ, ನೀವು ಹಾಕ್ರಿ. ಇವತ್ತ ಶುರು ಮಾಡಿದ್ರ ನಾಡಿದ್ದಕ್ಕ ಸೀರಿ ಆಕ್ಕೈತಿ."

ಅವಳು ಹೊಸ ಲಿಸ್ಟು ತೆರೆದಳು. ಅವನು ಓದುತ್ತ ಹೋದ. ಹದಿನೇಳಕ್ಕೆ ಬಂದಾಗ ತಡವರಿಸಿದ.

"ಇದನ್ನೂ ಮಗ್ಗಕ್ಕ ಹಾಕಬೇಕೇನ್ರಿ?"

"ಬ್ಯಾಡ," ಎಂದಳು ಪ್ರತಿಮಾ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕು. "ಅದು ನನಗೊಬ್ಬಾಕಿಗೆ ಇರ್ಲಿ."